ಉಕುಲೆಲೆಯ ಪಿಕಪ್‌ಗಳು ಮತ್ತು ಎಲ್‌.ಆರ್‌. ಬ್ಯಾಗ್ಸ್ ಪ್ಯಾರಾ ಡಿ.ಐ.: ವೇದಿಕೆಯ ದೃಷ್ಟಿಯಿಂದ ಒಂದು ವಿಮರ್ಶೆ

ಉಕುಲೆಲೆಯನ್ನು, ಅಂದರೆ ಗಿಟಾರಿನಂಥ ನಾಲ್ಕು ತಂತಿಯ ಚಿಕ್ಕ ವಾದ್ಯವನ್ನು, ವೇದಿಕೆಯ ಮೇಲೆ ನುಡಿಸುವವರ ಚರ್ಚೆ ಬಹುಮಟ್ಟಿಗೆ ಯಾವ ಪಿಕಪ್ (ವಾದ್ಯದ ನಡುಕವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಒಳ್ಳೆಯದು ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಪಿಕಪ್‌ನಿಂದ ಹೊರಟ ದುರ್ಬಲ ಸಂಕೇತವು ಮೊದಲು ಯಾವ ಉಪಕರಣವನ್ನು ಹೊಕ್ಕಿತು ಎಂದು ವಿಚಾರಿಸುವವರು ಕಡಿಮೆ. ಎಲ್‌.ಆರ್‌. ಬ್ಯಾಗ್ಸ್ ಕಂಪನಿಯ ಪ್ಯಾರಾ ಡಿ.ಐ. ಎಂಬ ಪ್ರೀಆಂಪನ್ನು (ಪಿಕಪ್‌ನ ದುರ್ಬಲ ಸಂಕೇತವನ್ನು ಬಲಪಡಿಸಿ ಮಿಕ್ಸರಿಗೆ ಕಳಿಸುವ ಪೆಟ್ಟಿಗೆಯನ್ನು) ನಾಲ್ಕು ಬಗೆಯ ಪಿಕಪ್‌ಗಳಿರುವ ಉಕುಲೆಲೆಗಳಿಗೆ ಜೋಡಿಸಿ ಕೇಳಿದ ಮೇಲೆ, ಪಿಕಪ್ ಬದಲಿಸುವ ಮುನ್ನ ಅದರ ಮುಂದಿನ ಪೆಟ್ಟಿಗೆಯನ್ನು ಸರಿಪಡಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿದೆ.

ಇದಕ್ಕೆ ಕಾರಣ ವಾದ್ಯದ ಸ್ವಭಾವದಲ್ಲಿಯೇ ಇದೆ. ಉಕುಲೆಲೆಯ ತಂತಿಗಳು ಸಾಮಾನ್ಯವಾಗಿ ನೈಲಾನ್ ಅಥವಾ ಫ್ಲೋರೋಕಾರ್ಬನ್‌ನಿಂದ ಆದವು. ಎಲೆಕ್ಟ್ರಿಕ್ ಗಿಟಾರಿನ ಕಾಂತೀಯ ಪಿಕಪ್‌ಗಳಿಗೆ ಅವು ಕಾಣಿಸುವುದೇ ಇಲ್ಲ. ಹೀಗಾಗಿ ಉಳಿಯುವ ದಾರಿ ಮೈಕ್ರೋಫೋನ್ ಅಥವಾ ಪೀಜೋ ಮಾತ್ರ. ಒತ್ತಡ ಬಿದ್ದಾಗ ಕೆಲವು ಹರಳುಗಳು ವಿದ್ಯುತ್ತನ್ನು ಹೊಮ್ಮಿಸುತ್ತವೆ ಎಂಬುದನ್ನು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಇಂದಿನ ಪೀಜೋ ಪಿಕಪ್ ನಡೆಯುವುದು ಅದೇ ತತ್ತ್ವದ ಮೇಲೆ. ಆದರೆ ಪೀಜೋ ಎಂಬುದು ವಿದ್ಯುತ್ತಿನ ಲೆಕ್ಕದಲ್ಲಿ ಒಂದು ಚಿಕ್ಕ ಕೆಪಾಸಿಟರ್ (ವಿದ್ಯುದಾವೇಶವನ್ನು ಕೂಡಿಡುವ ಬಿಡಿಭಾಗ) ಇದ್ದಂತೆ ವರ್ತಿಸುವುದರಿಂದ, ಅದು ಯಾವ ಇನ್‌ಪುಟ್ಟನ್ನು ಸೇರುತ್ತದೆಯೋ ಅದರ ಇಂಪೀಡೆನ್ಸ್ (ವಿದ್ಯುತ್ ಸಂಕೇತಕ್ಕೆ ಒಡ್ಡುವ ತಡೆ) ಕಡಿಮೆಯಾದಷ್ಟೂ ಕೆಳಗಿನ ಸ್ವರಗಳು ಸೋರಿಹೋಗುತ್ತವೆ. ಪಿಕಪ್‌ನ ಕೆಪಾಸಿಟೆನ್ಸ್ 1 ನ್ಯಾನೋಫ್ಯಾರಡ್ ಎಂದಿಟ್ಟುಕೊಂಡರೆ, 10 ಕಿಲೋಓಮ್‌ನ ಮಿಕ್ಸರ್ ಲೈನ್ ಇನ್‌ಪುಟ್‌ನಲ್ಲಿ ಸುಮಾರು 16,000 ಹರ್ಟ್ಸ್‌ಗಿಂತ ಕೆಳಗಿನದೆಲ್ಲವೂ ಇಳಿಜಾರು ಹಿಡಿಯುತ್ತದೆ. 1 ಮೆಗಾಓಮ್‌ನಲ್ಲಿ ಆ ಗಡಿ ಸುಮಾರು 160 ಹರ್ಟ್ಸ್‌ಗೂ, 10 ಮೆಗಾಓಮ್‌ನಲ್ಲಿ 16 ಹರ್ಟ್ಸ್‌ಗೂ ಇಳಿಯುತ್ತದೆ. ಪ್ಯಾರಾ ಡಿ.ಐ.ಯ ಇನ್‌ಪುಟ್ ಇಂಪೀಡೆನ್ಸ್ 10 ಮೆಗಾಓಮ್. ಸಾಮಾನ್ಯ ಉಕುಲೆಲೆ ಶ್ರುತಿಯಲ್ಲಿ ಅತ್ಯಂತ ಕೆಳಗಿನ ಸ್ವರವಾದ ಸಿ ತಂತಿ ಸುಮಾರು 262 ಹರ್ಟ್ಸ್‌ನಲ್ಲಿ ನುಡಿಯುವುದರಿಂದ, ಈ ಪೆಟ್ಟಿಗೆಯ ಮೂಲಕ ವಾದ್ಯದ ಯಾವ ಸ್ವರವೂ ನಷ್ಟವಾಗದು. ಮಿಕ್ಸರಿಗೆ ನೇರವಾಗಿ ಚುಚ್ಚಿದಾಗ ತಗಡಿನಂತೆ ಕೇಳಿಸುತ್ತಿದ್ದ ಅದೇ ವಾದ್ಯ, ಇದರ ಮೂಲಕ ಹಾದು ಬಂದಾಗ ತನ್ನ ಮೈಯನ್ನು ಮರಳಿ ಪಡೆದಂತೆ ಕೇಳಿಸುವುದು ಇದೊಂದೇ ಕಾರಣದಿಂದ.

ಸ್ಯಾಡಲ್ (ವಾದ್ಯದ ಮೇಲೆ ತಂತಿಗಳನ್ನು ಹೊರುವ ಚಿಕ್ಕ ಪಟ್ಟಿ) ಕೆಳಗೆ ಕೂರುವ, ಬ್ಯಾಟರಿ ಬೇಡದ ಪಟ್ಟಿಯಂಥ ಪಿಕಪ್ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಇದರ ಗುಣ ಸ್ಪಷ್ಟತೆ. ದೋಷವೆಂದರೆ ಜೋರಾಗಿ ಮೀಟಿದಾಗ ಏಳುವ ಒಂದು ಬಗೆಯ ಪ್ಲಾಸ್ಟಿಕ್ ಸದ್ದು. ಪ್ಯಾರಾ ಡಿ.ಐ.ಯಲ್ಲಿ ಮಧ್ಯಮ ಕಂಪನಾಂಕಗಳ ನಿಯಂತ್ರಣವನ್ನು ಬೇಕಾದ ಜಾಗಕ್ಕೆ ಸರಿಸಬಹುದಾದ್ದರಿಂದ, ಮೊದಲು ಅದನ್ನು ಏರಿಸಿ, ಸದ್ದು ಅತ್ಯಂತ ಅಸಹ್ಯವಾಗಿ ಕೇಳುವ ಸ್ಥಾನವನ್ನು ಕಿವಿಯಿಂದಲೇ ಗುರುತಿಸಿ, ಅನಂತರ ಅಲ್ಲಿಯೇ ತಗ್ಗಿಸುವುದು ಸರಿಯಾದ ಕ್ರಮ. ಆದರೆ ತಂತಿಗಳ ನಡುವಿನ ಅಸಮತೋಲನವನ್ನು ಯಾವ ಪ್ರೀಆಂಪೂ ತಿದ್ದಲಾರದು. ಎ ತಂತಿ ಅರಚುತ್ತಿದ್ದು ಸಿ ತಂತಿ ಕೇಳಿಸುತ್ತಲೇ ಇಲ್ಲವೆಂದಾದರೆ, ಸ್ಯಾಡಲ್‌ನ ತಳವೋ ಅದು ಕೂರುವ ಕಾಲುವೆಯೋ ಸಮತಟ್ಟಾಗಿಲ್ಲ ಎಂದು ಅರ್ಥ. ಅದನ್ನು ವಾದ್ಯ ರಿಪೇರಿಯ ಮೇಜಿನ ಮೇಲೆ ಉಜ್ಜಿ ಸರಿಪಡಿಸಬೇಕೇ ಹೊರತು ಗುಂಡಿ ತಿರುಗಿಸಿ ಅಲ್ಲ.

ಈ ಪೆಟ್ಟಿಗೆಯ ಸಾಮರ್ಥ್ಯ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಮೇಲ್ಹಲಗೆಯ ಒಳಮೈಗೆ ಅಂಟಿಸುವ ಪಿಕಪ್‌ಗಳಲ್ಲಿ. ಕೆ ಆ್ಯಂಡ್ ಕೆ ಅವರ ಅಲೋಹಾ ಟ್ವಿನ್ ಈ ಜಾತಿಯದು. ಮರದ ನಡುಕವನ್ನೇ ಹಿಡಿಯುವುದರಿಂದ ಇವುಗಳ ನಾದ ಉಳಿದೆಲ್ಲ ಪೀಜೋಗಳಿಗಿಂತ ಸಹಜವಾಗಿದ್ದು, ನನ್ನ ಕಿವಿಗೆ ಹೆಚ್ಚು ಹಿತವೆನಿಸುತ್ತದೆ. ಆದರೆ ಹಲಗೆಯನ್ನು ನಡುಗಿಸುವುದು ತಂತಿಯೊಂದೇ ಅಲ್ಲ. ಮುಂಗೈ ಉಜ್ಜಿದ ಸದ್ದು, ಅಂಗಿಯ ಗುಂಡಿ ತಗಲಿದ ಸದ್ದು, ಎಲ್ಲಕ್ಕಿಂತ ಮುಖ್ಯವಾಗಿ ಎದುರಿನ ಮಾನಿಟರ್ ಸ್ಪೀಕರಿನ ಸದ್ದು, ಇವೆಲ್ಲವೂ ಅದೇ ಹಲಗೆಯ ಮೂಲಕ ಒಳಬರುತ್ತವೆ. ವಾದ್ಯದ ಒಡಲಿನೊಳಗಿನ ಗಾಳಿ ತನ್ನದೇ ಒಂದು ಕಂಪನಾಂಕದಲ್ಲಿ ಅನುರಣಿಸುವುದರಿಂದ ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದು ಪಿಕಪ್‌ಗೆ ಮರಳಿ ಸುತ್ತುತ್ತ ಊಳಾಗಿ ಬೆಳೆಯುವುದು) ಸಾಧಾರಣವಾಗಿ ಅಲ್ಲಿಂದಲೇ ಹುಟ್ಟುತ್ತದೆ. ಪ್ಯಾರಾ ಡಿ.ಐ.ಯ ನಾಚ್ ನಿಯಂತ್ರಣ ಇರುವುದು ಇಂಥ ಒಂದೇ ಕಂಪನಾಂಕವನ್ನು ಕಿರಿದಾಗಿ ಕತ್ತರಿಸಲು. ಸದ್ದು ಊಳಿಡುವ ಅಂಚಿಗೆ ಬಂದಾಗ ಅದನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ, ಊಳು ಕರಗುವ ಜಾಗವೊಂದು ಸಿಗುತ್ತದೆ. ಅದು ಸಾಲದಿದ್ದರೆ ಫೇಸ್ ತಿರುಗಿಸುವ, ಅಂದರೆ ಸಂಕೇತದ ಏರಿಳಿತವನ್ನು ತಲೆಕೆಳಗಾಗಿಸುವ ಸ್ವಿಚ್ಚನ್ನು ಒತ್ತಿ ನೋಡಬಹುದು. ಕೆಲವು ವೇದಿಕೆಗಳಲ್ಲಿ ಅದರಿಂದ ದೊಡ್ಡ ವ್ಯತ್ಯಾಸವಾಗುತ್ತದೆ, ಕೆಲವೆಡೆ ಏನೂ ಆಗದು. ಮಾನಿಟರಿಗೂ ವಾದ್ಯಕ್ಕೂ ಇರುವ ಅಂತರವೇ ಇದನ್ನು ನಿರ್ಧರಿಸುತ್ತದೆ. ಇದರೊಂದಿಗೆ ನಿಗದಿತ ಕಂಪನಾಂಕಕ್ಕಿಂತ ಕೆಳಗಿನ ಸದ್ದನ್ನು ತಡೆಯುವ, ಮಿಕ್ಸರಿನ ಹೈಪಾಸ್ ಫಿಲ್ಟರನ್ನು 150 ಹರ್ಟ್ಸ್‌ನ ಆಸುಪಾಸಿಗೆ ಏರಿಸಿದರೆ ಕೈಬಡಿತದ ಗುದ್ದುಗಳೂ ತಗ್ಗುತ್ತವೆ. ಕೆಳಗಿನ ಜಿ ತಂತಿ ಹಾಕಿದ ಟೆನರ್ ಉಕುಲೆಲೆಯಲ್ಲಿ ಮಾತ್ರ ಇದನ್ನು ಇನ್ನಷ್ಟು ಇಳಿಸಬೇಕು, ಏಕೆಂದರೆ ಆ ತಂತಿಯ ಸ್ವರ 196 ಹರ್ಟ್ಸ್‌ನಷ್ಟು ಕೆಳಗಿರುತ್ತದೆ.

ಒಳಗೇ ಪ್ರೀಆಂಪ್ ಇರುವ ಆ್ಯಕ್ಟಿವ್ ಪಿಕಪ್‌ಗಳ ವಿಷಯದಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. ಎಲ್‌.ಆರ್‌. ಬ್ಯಾಗ್ಸ್ ಕಂಪನಿಯದೇ ಆದ ಫೈವ್‌.ಓ ಆಗಲಿ, ಬ್ಯಾಟರಿಯ ಬದಲು ಒಂದು ನಿಮಿಷದಲ್ಲಿ ಚಾರ್ಜ್ ಆಗುವ ಮಿ-ಸಿ ಆಗಲಿ, ಇಂಪೀಡೆನ್ಸ್ ಸಮಸ್ಯೆಯನ್ನು ವಾದ್ಯದೊಳಗೇ ಬಗೆಹರಿಸಿಕೊಂಡಿರುತ್ತವೆ. ಇಂಥ ವಾದ್ಯವೊಂದನ್ನೇ ನುಡಿಸುವವರಿಗೆ ಪ್ಯಾರಾ ಡಿ.ಐ. ಒಂದು ಅನುಕೂಲವೇ ಹೊರತು ಅನಿವಾರ್ಯವಲ್ಲ. ಬಳಸುವುದಾದರೆ ಸಂಕೇತದ ಬಲವನ್ನು ಏರಿಸುವ ಗೇನ್ ಗುಂಡಿಯನ್ನು ಕೆಳಗಿನಿಂದ ಆರಂಭಿಸಿ, ಅತ್ಯಂತ ಜೋರಾದ ಸ್ಟ್ರಮ್ಮಿಂಗ್‌ನಲ್ಲಿಯೂ ಸದ್ದು ಒಡೆಯದಂತೆ ನೋಡಿಕೊಳ್ಳಬೇಕು.

ಜರ್ಮನಿಯ ರೀಸಾ ತಯಾರಿಸುವಂಥ ಸಾಲಿಡ್ ಬಾಡಿ ಉಕುಲೆಲೆಗಳಿಗೆ ಟೊಳ್ಳು ಒಡಲಿಲ್ಲದ ಕಾರಣ ಫೀಡ್‌ಬ್ಯಾಕ್ ಬಹುತೇಕ ಬಾಧಿಸುವುದಿಲ್ಲ. ಡ್ರಮ್ಸ್ ಪಕ್ಕದಲ್ಲಿ ನಿಂತು ನುಡಿಸಲು ಇವುಗಳಷ್ಟು ನಿಶ್ಚಿಂತೆಯ ವಾದ್ಯ ಬೇರೊಂದಿಲ್ಲ. ಒಡಲಿಲ್ಲದಿದ್ದರೆ ಅನುರಣನವೂ ಇಲ್ಲ ಎಂಬುದು ಇದರ ಇನ್ನೊಂದು ಮುಖ. ಆ ಒಣ ಸದ್ದಿಗೆ ಪ್ಯಾರಾ ಡಿ.ಐ.ಯ ಎಫೆಕ್ಟ್ಸ್ ಲೂಪ್ (ಬೇರೊಂದು ಉಪಕರಣವನ್ನು ನಡುವೆ ಜೋಡಿಸುವ ಕಿಂಡಿ) ಮೂಲಕ ಸ್ವಲ್ಪ ರಿವರ್ಬ್ (ಕೋಣೆಯಲ್ಲಿ ಮೊಳಗುವಂಥ ಗುಂಗು) ಸೇರಿಸಿದಾಗ ಕೇಳಲು ಯೋಗ್ಯವಾದ ನಾದ ಹೊರಡುತ್ತದೆ, ಆದರೂ ಅದನ್ನು ಮರದ ನಾದವೆಂದು ಯಾರೂ ಭ್ರಮಿಸಲಾರರು.

ಈ ಪೆಟ್ಟಿಗೆಯಲ್ಲಿ ಇಲ್ಲದಿರುವುದನ್ನೂ ಹೇಳಬೇಕು. ಕಾಲಿನಿಂದ ಒತ್ತಿ ಸದ್ದನ್ನು ನಿಲ್ಲಿಸುವ ಸ್ವಿಚ್ ಇದರಲ್ಲಿಲ್ಲ. ಹಾಡುಗಳ ನಡುವೆ ವಾದ್ಯ ಬದಲಿಸುವವರು ಮ್ಯೂಟ್ ಇರುವ ಪೆಡಲ್ ಟ್ಯೂನರ್ ಒಂದನ್ನು ಲೂಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಇರುವುದು ಒಂದೇ ಚಾನೆಲ್ ಆದ್ದರಿಂದ, ಪಿಕಪ್ ಜೊತೆಗೆ ಕ್ಲಿಪ್ ಮೈಕ್ ಒಂದನ್ನು ಬೆರೆಸಿ ಕೊಡುವ ಆಸೆಯಿದ್ದರೆ ಆ ಬೆರಕೆ ಮಿಕ್ಸರಿನಲ್ಲಿಯೇ ಆಗಬೇಕು. ಹಾಗೆಯೇ ಒಬ್ಬೊಬ್ಬರ ವಾದ್ಯದಲ್ಲಿ ಒಂದೊಂದು ಪಿಕಪ್ ಇರುವ ತಂಡದಲ್ಲಿ, ಒಬ್ಬರಿಗಾಗಿ ಹೊಂದಿಸಿದ ನಾಚ್ ಇನ್ನೊಬ್ಬರಿಗೆ ಸಲ್ಲದು. ಅಂಥಲ್ಲಿ ಪಿಕಪ್ ಪ್ಯಾಸಿವ್ (ಒಳಗೆ ಪ್ರೀಆಂಪ್ ಇಲ್ಲದ್ದು) ಆಗಿರುವವರಿಗೆ ಮೊದಲು ಈ ಪೆಟ್ಟಿಗೆಯನ್ನು ಕೊಟ್ಟು, ಆ್ಯಕ್ಟಿವ್ ಇರುವವರಿಗೆ ಸಾಧಾರಣ ಡಿ.ಐ. ಬಾಕ್ಸ್ (ವಾದ್ಯದ ಸಂಕೇತವನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಪೆಟ್ಟಿಗೆ) ಕೊಟ್ಟರೆ ಸಾಕು.

ವಿದ್ಯುತ್ತಿಗೆ 9 ವೋಲ್ಟ್ ಬ್ಯಾಟರಿಯೂ ಆಗುತ್ತದೆ, ಮಿಕ್ಸರಿನಿಂದ ಬರುವ 48 ವೋಲ್ಟ್ ಫ್ಯಾಂಟಮ್ ಪವರ್ ಕೂಡ ಆಗುತ್ತದೆ. ಪ್ಯಾಸಿವ್ ಪಿಕಪ್ ಇರುವವರು ಉಕುಲೆಲೆಯಿಂದ ಪೆಟ್ಟಿಗೆಯವರೆಗಿನ ಕೇಬಲ್ಲನ್ನು ಆದಷ್ಟು ಗಿಡ್ಡವಾಗಿಟ್ಟು, ಉದ್ದದ ಓಟವನ್ನು ಪೆಟ್ಟಿಗೆಯ ಆಚೆಗಿನ ಎಕ್ಸ್‌ಎಲ್‌ಆರ್ ಕೇಬಲ್ಲಿಗೆ ಬಿಡಬೇಕು, ಏಕೆಂದರೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಇರುವ ಸಾಧಾರಣ ಕೇಬಲ್ 5 ಮೀಟರ್ ಉದ್ದವಿದ್ದರೆ, ಮೇಲೆ ಹೇಳಿದ 1 ನ್ಯಾನೋಫ್ಯಾರಡ್ ಪಿಕಪ್‌ನ ಸಂಕೇತದ ಮೂರನೆಯ ಒಂದು ಭಾಗವನ್ನು ದಾರಿಯಲ್ಲಿಯೇ ನುಂಗಿಬಿಡುತ್ತದೆ.