ಮೊದಲ ಗಿಟಾರ್ ಕೊಳ್ಳೋಕೆ ಹೊರಟಿದ್ದೀರಾ? ಜೇಬಲ್ಲಿ ಮೂರು ನಾಣ್ಯ ಇಟ್ಕೊಳ್ಳಿ

ದಾವಣಗೆರೆಯಲ್ಲಿ ಗಿಟಾರ್ ತಗೊಳ್ಳೋ ಯೋಚನೆ ಇರೋರು, ಅದರಲ್ಲೂ ನನ್ನ ಹಾಗೆ ನಲವತ್ತರ ಹತ್ತಿರ ಬಂದು ಹುಚ್ಚು ಹಿಡಿಸಿಕೊಂಡೋರು, ಇದನ್ನು ಓದಿ ಆಮೇಲೆ ಅಂಗಡಿಗೆ ಹೋಗಿ. ನನಗೆ 3,800 ರೂಪಾಯಿ ಹೋಯಿತು. ಅದು ಹೋಗಲಿ, ನಾಲ್ಕು ತಿಂಗಳು ಹೋಯಿತು.

ಹುಚ್ಚು ಹತ್ತಿದ್ದು ಕಳೆದ ಬೇಸಿಗೆಯಲ್ಲಿ. ರಾತ್ರಿ ಕರೆಂಟ್ ಹೋಗಿ, ಸೆಖೆ ತಾಳಲಾರದೆ ವಿದ್ಯಾನಗರದ ನಮ್ಮ ಬೀದಿಯವರೆಲ್ಲ ಮಾಳಿಗೆ ಹತ್ತಿದ್ದೆವು. ಎದುರುಮನೆಯ ಇಂಜಿನಿಯರಿಂಗ್ ಹುಡುಗ ಗಿಟಾರ್ ಹಿಡಿದು ಕೂತಿದ್ದ. ಪ್ಲಗ್ ಬೇಡ, ಸ್ಪೀಕರ್ ಬೇಡ, ಹಾರ್ಮೋನಿಯಂ ಥರ ತಿದಿ ಒತ್ತೋದೂ ಬೇಡ. ಜಿ, ಸಿ, ಡಿ, ಇ ಮೈನರ್ ಅಂತ ನಾಲ್ಕೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು. ಅಷ್ಟರ ಮೇಲೆ ಜನ ಒಂದಾದ ಮೇಲೊಂದು ಹಾಡು ಹೇಳಿದರು. ನಾಲ್ಕು ಕಲಿಯೋದು ಏನು ಮಹಾ ಅಂದುಕೊಂಡೆ.

ಅಂಗಡಿ ಹೆಸರು ಬೇಡ. ಕಪ್ಪಗೆ ಮಿರಮಿರ ಮಿಂಚೋ ಗಿಟಾರು, ಚೀಲ, ಬೆಲ್ಟು, ಎರಡು ಪಿಕ್ ಫ್ರೀ. "ಕಲಿಯೋರಿಗೆ ಇಷ್ಟು ಸಾಕು ಸರ್, ಕಲಿತ ಮೇಲೆ ಒಳ್ಳೇದು ತಗೊಳ್ರಿ" ಅಂದ. ಮೋಸ ಇರೋದೇ ಈ ಮಾತಲ್ಲಿ. ಕಲಿತವನು ಕೆಟ್ಟ ಗಿಟಾರನ್ನೂ ಹೇಗೋ ಸಂಭಾಳಿಸ್ತಾನೆ, ಕಲಿಯೋನಿಗೆ ಆಗಲ್ಲ.

ಸ್ಟೀಲ್ ತಂತಿಗೆ ಮೊದಮೊದಲು ಬೆರಳು ನೋಯೋದು ಸಹಜ, ಕೆಲವು ವಾರಕ್ಕೆ ತುದಿ ಜಡ್ಡುಗಟ್ಟಿ ನೋವು ಇಳಿಯುತ್ತೆ. ನನ್ನ ಬೆರಳು ಜಡ್ಡುಗಟ್ಟಿತು, ನೋವು ಇಳಿಯಲಿಲ್ಲ. ಸಿ ಕಾರ್ಡ್ ಹಿಡಿದರೆ ಎರಡು ತಂತಿ ಸತ್ತ ಹಾಗೆ ಟಕ್ ಅನ್ನೋವು. ಅಂಗಡಿಯವನನ್ನು ಕೇಳಿದರೆ "ನೋವಾಗ್ಲೇಬೇಕು ಸರ್, ಪ್ರಾಕ್ಟೀಸ್ ಮಾಡ್ರಿ". ವಯಸ್ಸಾಯ್ತು ಅಂತ ಅಟ್ಟಕ್ಕೆ ಹಾಕೋದರಲ್ಲಿದ್ದೆ.

ಆಗ ಆ ಹುಡುಗ ಮನೆಗೆ ಬಂದ. "ಅಂಕಲ್, ರೂಪಾಯಿ ನಾಣ್ಯ ಅದಾವೇನು? ಮೂರು ಕೊಡ್ರಿ." ಒಂದರ ಮೇಲೊಂದು ಪೇರಿಸಿ ಹನ್ನೆರಡನೇ ಫ್ರೆಟ್ (ಕುತ್ತಿಗೆಗೆ ಅಡ್ಡ ಕೂರಿಸಿರೋ ಲೋಹದ ಪಟ್ಟಿ) ಹತ್ತಿರ ದಪ್ಪ ತಂತಿಯ ಕೆಳಗೆ ತಳ್ಳಿದ. ತಂತಿಗೆ ತಾಗದೆ ಒಳಗೆ ಹೋದವು. ಮಗಳ ಸ್ಕೇಲ್ ತಂದು ಅಳೆದರೆ 5 ಮಿಲಿಮೀಟರ್! ಎರಡು, ಎರಡೂವರೆ ಇರಬೇಕಾದ ಜಾಗ ಅದು. ಫೋನಿನ ಟ್ಯೂನರ್‌ನಲ್ಲಿ ಎಲ್ಲೂ ಒತ್ತದೆ ಬಿಟ್ಟ ತಂತಿ ಸರಿಯಾಗಿ ಇ ಸ್ವರ ತೋರಿಸಿತು. ಹನ್ನೆರಡರಲ್ಲಿ ಒತ್ತಿದರೆ ಅದೇ ಇ ಒಂದು ಸ್ಥಾಯಿ ಮೇಲೆ ಬರಬೇಕು, ನನ್ನದರಲ್ಲಿ ಮುಳ್ಳು ಮುಂದಿನ ಸ್ವರ ಎಫ್ ಕಡೆ ವಾಲಿತು. ಅಷ್ಟು ಎತ್ತರದಿಂದ ಒತ್ತಿದಾಗ ತಂತಿ ಜಗ್ಗಿ ಸ್ವರ ಏರುತ್ತದಂತೆ. ನಾಲ್ಕು ತಿಂಗಳಿಂದ ಅಪಸ್ವರ ಅಂತ ನಮ್ಮನೆಯವಳು ನಗ್ತಿದ್ದಳು. ಅವಳ ಕಿವಿ ಸರಿಯಾಗೇ ಇತ್ತು.

ಬ್ರಿಡ್ಜ್ (ಹೊಟ್ಟೆ ಮೇಲೆ ತಂತಿ ಕಟ್ಟೋ ಮರದ ತುಂಡು) ಮೇಲಿನ ಬಿಳಿ ಪಟ್ಟಿ ಉಜ್ಜಿ ತಂತಿ ಇಳಿಸಬಹುದು. ಆದರೆ ಅಲ್ಲಿ ಎರಡು ಮಿಲಿ ಉಜ್ಜಿದರೆ ಹನ್ನೆರಡರಲ್ಲಿ ಇಳಿಯೋದು ಒಂದೇ. ನನಗೆ ಐದು ಉಜ್ಜಬೇಕಿತ್ತು, ಪಟ್ಟಿ ಹೊರಗೆ ಕಾಣ್ತಿದ್ದದ್ದೇ ಮೂರು. ಇನ್ನು ಉಳಿದದ್ದು ಕುತ್ತಿಗೆಯೊಳಗಿನ ಸರಳು, ಟ್ರಸ್ ರಾಡ್. ಆರು ತಂತಿ ಸೇರಿ ಸುಮಾರು 70 ಕೆಜಿ ಜಗ್ಗುತ್ತವೆ, ಕುತ್ತಿಗೆ ಬಾಗದ ಹಾಗೆ ಹಿಡಿಯೋದು ಅದು. ಗಿಟಾರಿನ ತಲೆಯಲ್ಲಿ ಅದರ ಮುಚ್ಚಳವೇನೋ ಇತ್ತು. ಹುಡುಗ ಎರಡು ಸ್ಕ್ರೂ ಬಿಚ್ಚಿದ. ಕೆಳಗೆ ಬರೀ ಮರ. ಸರಳು ಹಾಗಿರಲಿ, ತೂತೂ ಇಲ್ಲ.

ವಾಪಸ್ ಒಯ್ದರೆ ಅಂಗಡಿಯವನು ಬಿಲ್ ಕೇಳಿದ. ಅವನು ಕೊಟ್ಟಿದ್ದು ಬರೀ ಚೀಟಿ. "ಬಿಸಿಲಿಗೆ ಇಟ್ಟಿರ್ತೀರಿ ಸರ್" ಅಂತ ನನ್ನ ಮೇಲೇ ಹಾಕಿದ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಅಂಟು ಸಡಿಲವಾಗಿ ಬ್ರಿಡ್ಜ್ ಏಳಬಹುದು, ನಿಜ. ನನ್ನದು ಮನೆ ಬಿಟ್ಟು ಕದಲಿರಲಿಲ್ಲ.

ಹಾಗಾಗಿ ಅಂಗಡಿಯಲ್ಲೇ ಹನ್ನೆರಡನೇ ಫ್ರೆಟ್ ಹತ್ತಿರ ನಾಣ್ಯ ತಳ್ಳಿ ಅಳೆಯಿರಿ, ನಾಚಿಕೆ ಬೇಡ. ಸ್ಟೀಲ್ ತಂತಿಯದಾದರೆ ಮುಚ್ಚಳ ಬಿಚ್ಚಿಸಿ, ಇಲ್ಲಾ ಹೊಟ್ಟೆಯ ತೂತಿನೊಳಗೆ ಟಾರ್ಚ್ ಬಿಟ್ಟು ರಾಡ್‌ನ ತುದಿ ಕಣ್ಣಾರೆ ನೋಡಿ. ಕುತ್ತಿಗೆಯ ಅಂಚಿಗೆ ಅಂಗೈ ಸವರಿ, ಫ್ರೆಟ್ ತುದಿ ಗೀರಬಾರದು. ಹೊಟ್ಟೆಯ ಮರ ಪ್ಲೈವುಡ್ ಆದರೂ ನಡೆಯುತ್ತೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಬೆರಳಿಗೆ ಮೆತ್ತಗೆ, ಆದರೆ ಯಾರು ಹೇಳಿದರೂ ಅದಕ್ಕೆ ಸ್ಟೀಲ್ ತಂತಿ ಹಾಕಿಸಬೇಡಿ, ಬ್ರಿಡ್ಜೇ ಕಿತ್ತು ಬರಬಹುದು. ಪಕ್ಕಾ ಬಿಲ್ ಇಸ್ಕೊಳ್ಳಿ.

ಎರಡನೆಯದು ಸೆಕೆಂಡ್ ಹ್ಯಾಂಡ್, 5,000. ಹುಡುಗನನ್ನೇ ಕರ್ಕೊಂಡು ಹೋಗಿದ್ದೆ, ಅವನ ಕೂಲಿ ಎರಡು ಬೆಣ್ಣೆ ದೋಸೆ. ಹನ್ನೆರಡರಲ್ಲಿ ಎರಡೂವರೆ ಮಿಲಿ. ಅದೇ ವಾರ ಸಿ ಬಂತು. ಎಫ್ ಕಾರ್ಡ್ ಇನ್ನೂ ಬಂದಿಲ್ಲ.