ಗಿಡ ಆರಿಸಿಕೊಡುವ ಸೇವೆ: ನಕ್ಷೆಗೆ ಪೂರ್ತಿ ಅಂಕ, ಕಳಿಸಿದ ಗಿಡಕ್ಕೆ ಅರ್ಧ

ಅಂಗಳದ ಫೋಟೊ ಕಳಿಸಿದರೆ ಯಾವ ಮೂಲೆಗೆ ಯಾವ ಗಿಡ, ಯಾವ ತಿಂಗಳಿಗೆ ಯಾವ ಹೂ ಎಂದು ನಕ್ಷೆ ಬರೆದುಕೊಡುವ, ಬೇಕೆಂದರೆ ಗಿಡಗಳನ್ನೂ ಮನೆಗೆ ತಲುಪಿಸುವ ಸೇವೆಗಳು ಈಗ ಬೇಕಾದಷ್ಟಿವೆ. ಅಂಥದ್ದೊಂದನ್ನು ವರ್ಷವಿಡೀ ಬಳಸಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಕೆಳಗೆ ಬೈಗುಳವೂ ಇದೆ, ಅದರಲ್ಲಿ ಬಹುಪಾಲು ಅವರೊಬ್ಬರ ಮೇಲೆ ಹೊರಿಸುವಂಥದ್ದಲ್ಲ. ಗಿಡ ಬಂದ ದಿನವೇ ಪೆಟ್ಟಿಗೆಯ ಫೋಟೊ ಹಾಕಿ ಐದು ಸ್ಟಾರ್ ಕೊಟ್ಟುಬಿಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಗಿಡದ ಬಗ್ಗೆ ಮಾತಾಡಬೇಕಾದರೆ ಅದು ಒಂದು ಬೇಸಿಗೆ, ಒಂದು ಮಳೆಗಾಲವನ್ನಾದರೂ ದಾಟಿರಬೇಕು.

ಮೊದಲು ಮೆಚ್ಚಿದ್ದು. ಅವರ ಫಾರಂನಲ್ಲಿ ‘ನಿಮಗೆ ಯಾವ ಹೂ ಇಷ್ಟ’ ಅನ್ನುವ ಪ್ರಶ್ನೆ ಕೊನೆಯಲ್ಲಿತ್ತು. ಮೊದಲು ಕೇಳಿದ್ದು ಬೇರೆಯೇ: ನೀರು ಹಾಕುವವರು ಯಾರು? ಮನೆಯೊಳಗೆ ಕೂತರೆ ಕಾಣುವ ಜಾಗ ಯಾವುದು? ವರ್ಷದಲ್ಲಿ ಯಾವಾಗ ಅಂಗಳ ಬಣಗುಟ್ಟುತ್ತದೆ? ಜೊತೆಗೆ ಒಂದೇ ಜಾಗದ ಫೋಟೊವನ್ನು ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ತೆಗೆದು ಕಳಿಸಿ ಅಂದರು. ಗಿಡದ ಚೀಟಿಯಲ್ಲಿ ‘ಪೂರ್ಣ ಬಿಸಿಲು’ ಎಂದಿದ್ದರೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಎಂದು ಅರ್ಥ. ‘ಅರೆನೆರಳು’ ಅಂದರೆ 3ರಿಂದ 6 ಗಂಟೆ. ನಮ್ಮ ಗೇಟಿನ ಪಕ್ಕದ ಪಟ್ಟಿ ಯಾವಾಗಲೂ ಬೆಳಗುತ್ತಿರುತ್ತದೆ, ಆದರೆ ಅದರಲ್ಲಿ ಮುಕ್ಕಾಲು ಪಾಲು ಎದುರಿನ ಗೋಡೆಯಿಂದ ಪ್ರತಿಫಲಿಸಿ ಬಂದ ಬೆಳಕು. ನೇರ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ, ಅದೂ ಸುಡುವಂಥದ್ದು. ಅದೇ ನಾಲ್ಕು ತಾಸಿನ ಬಿಸಿಲು ಬೆಳಗಿನದ್ದಾದರೆ ಅಲ್ಲಿ ಬದುಕುವ ಗಿಡಗಳೇ ಬೇರೆ. ಫೋಟೊ ನೋಡಿ ಅವರು ಇದನ್ನು ಹಿಡಿದರು.

ಒಂದು ಕೊರತೆ ಇಲ್ಲೇ ಹೇಳಿಬಿಡುತ್ತೇನೆ. ಫೋಟೊ ಕೇಳಿದ್ದು ಒಂದೇ ಸಲ. ಸೂರ್ಯನ ದಾರಿ ವರ್ಷವಿಡೀ ಒಂದೇ ಕಡೆ ಇರುತ್ತದೆಯೇ? ಬೇಸಿಗೆಯಲ್ಲಿ ಬಿಸಿಲು ಬೀಳುವ ಪಟ್ಟಿಗೆ ಚಳಿಗಾಲದಲ್ಲಿ ಗೋಡೆಯ ನೆರಳು ಬರಬಹುದು. ಇನ್ನೊಂದು ಸಲ, ಆರು ತಿಂಗಳು ಬಿಟ್ಟು, ಫೋಟೊ ಕೇಳಬೇಕಿತ್ತು.

ಆಮೇಲೆ ಶೈಲಿಯ ಪುಟ. ನಾಲ್ಕು ಚಿತ್ರ ಕೊಟ್ಟಿದ್ದರು: ಕಾಟೇಜ್, ಜಪಾನಿ, ಟ್ರಾಪಿಕಲ್, ಮೆಡಿಟರೇನಿಯನ್. ನಮ್ಮವರು ಜಪಾನಿಗೆ ಬೆರಳಿಟ್ಟರು, ಕೆಲಸ ಕಡಿಮೆ ಅಂತ. ಗೆರೆ ಎಳೆದ ಆ ಜಲ್ಲಿಯ ಮೇಲೆ ಒಂದು ಒಣ ಎಲೆ ಬಿದ್ದರೂ ಎದ್ದು ಕಾಣುತ್ತದೆ, ದಿನಾ ಎತ್ತುವವರು ಯಾರು ಎಂದು ನಾನು ಕೇಳಿದ ಮೇಲೆ ಸುಮ್ಮನಾದರು. ನನ್ನ ಕಣ್ಣಿದ್ದದ್ದು ಮೆಡಿಟರೇನಿಯನ್ ಮೇಲೆ. ಬೂದುಬಣ್ಣದ ಎಲೆ, ಮಣ್ಣಿನ ಕುಂಡ, ದಾರಿಯ ಪಕ್ಕಕ್ಕೆ ಲ್ಯಾವೆಂಡರ್ ಸಾಲು.

ವಿಡಿಯೊ ಕರೆಗೆ ಬಂದ ಹುಡುಗಿ ಮೊದಲ ಮಾತಿಗೇ “ಲ್ಯಾವೆಂಡರ್ ಬೇಡ ಮೇಡಂ” ಅಂದಳು. ನನಗೆ ಸಿಟ್ಟೇ ಬಂತು. ಆದರೆ ಅವಳು ಕೊಟ್ಟ ಕಾರಣ ಕೇಳುವಂತಿತ್ತು. ಮೆಡಿಟರೇನಿಯನ್ ಸಮುದ್ರದ ಸುತ್ತ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣಗಿರುತ್ತದೆ. ಲ್ಯಾವೆಂಡರ್, ರೋಸ್‌ಮೇರಿ ಆ ಲೆಕ್ಕಕ್ಕೆ ಹೊಂದಿಕೊಂಡ ಗಿಡಗಳು. ಬರೀ ಬಿಸಿಲಾದರೆ ತಡೆಯುತ್ತವೆ. ಸೆಕೆಯೂ ಇದ್ದು ಮಣ್ಣೂ ಒದ್ದೆಯಾಗಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತವೆ. ಸೆಕೆ ಇರುವಾಗಲೇ ಮಳೆ ಹಿಡಿಯುವ ಕಡೆ ಅವನ್ನು ಸಾಲಾಗಿ ನೆಟ್ಟರೆ ಪ್ರತಿ ವರ್ಷವೂ ಹೊಸದಾಗಿ ನೆಡಬೇಕು. “ನಿಮಗೆ ನೀಲಿ ಹೂ ಕಡ್ಡಿ ಕಡ್ಡಿಯಾಗಿ ನಿಂತಿರಬೇಕು, ಅಷ್ಟೇ ತಾನೆ? ಅದಕ್ಕೆ ಆಂಜಲೋನಿಯಾ ಹಾಕೋಣ, ನೀಲಿ ಸಾಲ್ವಿಯಾ ಹಾಕೋಣ. ಬೂದುಬಣ್ಣಕ್ಕೆ ಕುಂಡದಲ್ಲಿ ಸಣ್ಣ ಜಾತಿಯ ಕತ್ತಾಳೆ, ತಳಕ್ಕೆ ನೀರು ನಿಲ್ಲದ ಹಾಗೆ ಜಲ್ಲಿ ಬೆರೆಸಿದ ಮಣ್ಣು.”

ಈ ಸೇವೆಗೆ ನಾನು ಕೊಟ್ಟ ಹಣ ಈ ಒಂದು ಸಂಭಾಷಣೆಯಲ್ಲೇ ವಸೂಲಾಯಿತು. ಶೈಲಿ ಎಂದು ನಾವು ಕರೆಯುವುದರ ಹಿಂದೆ ಒಂದು ಹವಾಮಾನ ಇರುತ್ತದೆ. ಚಿತ್ರದಲ್ಲಿ ಕಾಣುವ ಗಿಡದ ಹೆಸರನ್ನೇ ಹಿಡಿದುಕೊಂಡು ಹೋದರೆ ಆ ಹವಾಮಾನವನ್ನೂ ಹೊತ್ತು ತರಬೇಕಾಗುತ್ತದೆ. ಅದರ ಬದಲು ಆ ಗಿಡ ಚಿತ್ರದಲ್ಲಿ ಮಾಡುತ್ತಿರುವ ಕೆಲಸ ಏನು, ಎತ್ತರವೋ ಬಣ್ಣವೋ ಎಲೆಯ ಆಕಾರವೋ ಎಂದು ನೋಡಿ, ಅದೇ ಕೆಲಸವನ್ನು ನಮ್ಮ ಮಳೆ ಬಿಸಿಲಿಗೆ ಒಗ್ಗುವ ಗಿಡದಿಂದ ಮಾಡಿಸಬೇಕು. ಜಪಾನಿ ಚಿತ್ರದ ಪಾಚಿಗೂ ಹಾಗೆಯೇ. ಪಾಚಿ ಹಸಿರಾಗಿ ಉಳಿಯಬೇಕಾದರೆ ತೇವ ಆರಬಾರದು. ಹಿತ್ತಲ ನೆರಳಿನಲ್ಲಿ ಅದರ ಜಾಗಕ್ಕೆ ಮೊಂಡೊ ಗ್ರಾಸ್ ಸೂಚಿಸಿದರು. ಕಡು ಹಸಿರು, ಗಿಡ್ಡ, ಕತ್ತರಿಸುವ ಗೋಜಿಲ್ಲ. ನಮ್ಮವರ ಜಪಾನ್ ಈಗ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಇದೆ.

ನಕ್ಷೆಯಲ್ಲಿ ನನಗೆ ಹಿಡಿಸಿದ ಇನ್ನೊಂದು ಸಂಗತಿ, ಜಾತಿಗಳ ಸಂಖ್ಯೆ ಕಡಿಮೆ ಇಟ್ಟಿದ್ದು. ಕಂಡದ್ದೆಲ್ಲ ಒಂದೊಂದು ತಂದು ಇಟ್ಟರೆ ಅಂಗಳ ಸಂತೆಯ ಹಾಗೆ ಕಾಣುತ್ತದೆ. ಬ್ರೆಜಿಲಿನ ರೊಬರ್ಟೊ ಬುರ್ಲೆ ಮಾರ್ಕ್ಸ್ (1909–1994) ಚಿತ್ರಕಾರ; ಅವರ ತೋಟಗಳಲ್ಲಿ ಒಂದೇ ಜಾತಿಯ ಗಿಡ ದೊಡ್ಡ ಹರವಿನಲ್ಲಿ, ಬಳಿದ ಬಣ್ಣದಂತೆ ಹಬ್ಬಿರುತ್ತದೆ. ನಮ್ಮ ಅಂಗಳ ಅದರ ಮುಂದೆ ಬೆರಳಗಲ, ಆದರೂ ಲೆಕ್ಕ ಅದೇ. ಐದು ಬಗೆಯ ಎಲೆಗಿಡ ಒಂದೊಂದು ಇಡುವ ಬದಲು ಒಂದೇ ಬಗೆ ಐದು ಇಟ್ಟೆವು, ಗಲಾಟೆ ನಿಂತಿತು.

ಋತುವಿನ ಕ್ಯಾಲೆಂಡರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸಾಮಾನ್ಯವಾಗಿ ಇಂಥವುಗಳಲ್ಲಿ ಹೂ ಬಿಡುವ ತಿಂಗಳು ಮಾತ್ರ ಇರುತ್ತದೆ. ಇವರದರಲ್ಲಿ ಇನ್ನೆರಡು ಕಾಲಂ ಇತ್ತು: ‘ಹೂ ಮುಗಿದ ಮೇಲೆ ಹೇಗೆ ಕಾಣುತ್ತದೆ’ ಮತ್ತು ‘ಮಲಗುವ ತಿಂಗಳು’. ನೆದರ್‌ಲೆಂಡ್ಸ್‌ನ ಪೀಟ್ ಔಡೊಲ್ಫ್ ಎಂಬ ತೋಟ ವಿನ್ಯಾಸಕಾರರು ಹೂವಿಗಿಂತ ಹೆಚ್ಚಾಗಿ ಒಣಗಿದ ಕಡ್ಡಿ, ಬೀಜದ ತಲೆ ಹೇಗೆ ನಿಲ್ಲುತ್ತವೆ ಎಂದು ನೋಡಿ ಗಿಡ ಆರಿಸುತ್ತಾರೆ. ಮೊದಲ ಕಾಲಂ ಆ ದಾರಿಯದ್ದು. ಎರಡನೆಯದು ಇನ್ನೂ ಉಪಯೋಗಕ್ಕೆ ಬಂತು. ದೇವಕಣಗಿಲೆ ಎಲೆ ಉದುರಿಸಿ ಬೋಳಾಗಿ ನಿಂತಾಗ ಜನ ಸತ್ತಿತೆಂದು ನೀರು ಸುರಿಯುತ್ತಾರೆ, ಆ ನೀರಿಗೇ ಅದು ಕೊಳೆಯುತ್ತದೆ. ಕ್ಯಾಲೇಡಿಯಂ ಎಲೆಯೆಲ್ಲ ಬಾಡಿ ಗೆಡ್ಡೆಗೆ ಇಳಿಯುತ್ತದೆ, ಅಗೆದು ಎಸೆಯಬಾರದು. ಬೋಳು ದೇವಕಣಗಿಲೆಯ ಬುಡಕ್ಕೆ ಅವರು ರೈನ್ ಲಿಲ್ಲಿ ಗೆಡ್ಡೆ ಹಾಕಿಸಿದ್ದರು. ಒಣಗಿದ್ದ ಮಣ್ಣಿಗೆ ಮಳೆ ಬಿದ್ದು ಕೆಲವೇ ದಿನಕ್ಕೆ, ಮೇಲಿನ ಗಿಡ ಇನ್ನೂ ಎಲೆ ಬಿಚ್ಚುತ್ತಿರುವಾಗಲೇ, ಬುಡದಲ್ಲಿ ಗುಲಾಬಿ ಬಣ್ಣದ ಹೂಗಳು. ಇಂಥ ಜೋಡಿ ಹೊಂದಿಸುವವರಿಗೆ ನನ್ನ ನಮಸ್ಕಾರ.

ಇನ್ನು ಬೈಗುಳ.

ಸೇವಂತಿಗೆಯನ್ನು ಗೇಟಿನ ದೀಪದ ಕೆಳಗೆ ಇಡಿಸಿದರು. ಫೋಟೊದಲ್ಲಿ ದೀಪ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಸೇವಂತಿಗೆ ಮೊಗ್ಗು ಹಿಡಿಯಲು ರಾತ್ರಿ ಉದ್ದ ಇರಬೇಕು, ಕತ್ತಲು ನಡುವೆ ಮುರಿಯಬಾರದು. ಗಿಡಗಳು ಹೀಗೆ ಹಗಲು ರಾತ್ರಿಯ ಅಳತೆ ಇಟ್ಟುಕೊಂಡು ಹೂ ಬಿಡುತ್ತವೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲೇ ಪ್ರಕಟಿಸಿದ್ದಾರೆ, ಹೊಸ ವಿಷಯವೇನಲ್ಲ. ದೀಪದ ಕೆಳಗಿನ ಕುಂಡಗಳು ಎಲೆ ಬಿಟ್ಟುಕೊಂಡು ಸೊಂಪಾಗಿ ನಿಂತವು, ಮೊಗ್ಗಿಲ್ಲ. ಜಾಗ ಸಾಲದೆ ನೀರಿನ ಟ್ಯಾಂಕಿನ ಹಿಂದೆ ಇಟ್ಟಿದ್ದ ಅದೇ ತಳಿಯ ಒಂದು ಕುಂಡ ಮಾತ್ರ ಹಳದಿ ಹೂ ತುಂಬಿಕೊಂಡಿತು. ಕೇಳಿದರೆ “ಗೊಬ್ಬರ ಹೆಚ್ಚಿಸಿ” ಎಂಬ ಉತ್ತರ ಬಂತು. ಈಗ ದೀಪಕ್ಕೆ ಸೆನ್ಸರ್ ಹಾಕಿಸಿದ್ದೇವೆ, ಯಾರಾದರೂ ಬಂದಾಗಷ್ಟೇ ಹತ್ತುತ್ತದೆ. ಆದರೂ ಸೇವಂತಿಗೆಯನ್ನು ಹಿಂದಕ್ಕೇ ಸಾಗಿಸಿದ್ದೇನೆ.

ಗೊಬ್ಬರದ ಮಾತು ಬಂತಲ್ಲ, ಅದೂ ಒಂದು ರಗಳೆ. ಎಲ್ಲ ಗಿಡಕ್ಕೂ ಒಂದೇ ವೇಳಾಪಟ್ಟಿ. ಕಾಸ್ಮಾಸ್ ಬಡ ಮಣ್ಣಿನಲ್ಲಿ ಚೆನ್ನಾಗಿ ಹೂ ಬಿಡುವ ಗಿಡ. ಪಟ್ಟಿಯ ಪ್ರಕಾರ ತಿನ್ನಿಸಿದ್ದಕ್ಕೆ ನನ್ನೆತ್ತರಕ್ಕೆ ಬೆಳೆದು, ಬರೀ ಸೊಪ್ಪಾಗಿ, ಒಂದು ಗಾಳಿಗೆ ದಾರಿಗಡ್ಡ ಮಲಗಿತು. ಬೋಗನ್‌ವಿಲ್ಲಾಗೂ ನೀರು ಗೊಬ್ಬರ ಧಾರಾಳ ಬರೆದಿದ್ದರು. ಅದನ್ನು ನಾನು ಪಾಲಿಸಲಿಲ್ಲ. ಅದು ಸ್ವಲ್ಪ ಬಾಯಾರಿದರೆ ಮಾತ್ರ ಬಣ್ಣ ತೋರಿಸುತ್ತದೆ.

ಗಿಡ ತಲುಪಿಸುವ ವಿಭಾಗ ನಕ್ಷೆ ಮಾಡಿದವರ ಮಾನ ಕಳೆಯಿತು. ಒಂದು ದಾಸವಾಳವನ್ನು ಕವರಿನಿಂದ ಬಿಡಿಸಿ ನೋಡಿದರೆ ಮಣ್ಣೇ ಕಾಣುತ್ತಿಲ್ಲ, ಬಿಳಿ ಬೇರು ಸುತ್ತಿ ಸುತ್ತಿ ಕವರಿನ ಆಕಾರಕ್ಕೇ ಗಟ್ಟಿಯಾಗಿದೆ, ತಳದ ತೂತಿನಿಂದ ಹೊರಬಂದ ಬೇರು ಕಂದಾಗಿ ಒಣಗಿದೆ. ಹಾಗೇ ನೆಟ್ಟರೆ ಬೇರು ಹೊಸ ಮಣ್ಣಿಗೆ ಇಳಿಯದೆ ತನ್ನ ಸುತ್ತಲೇ ಸುತ್ತುತ್ತಿರುತ್ತದೆ. ಪಕ್ಕಗಳನ್ನು ಚಾಕುವಿನಿಂದ ಉದ್ದಕ್ಕೆ ಗೀರಿ, ಬಿಡಿಸಿ ನೆಟ್ಟೆ. ಮೇಲಾಗಿ ಅದು ನೆರಳು ಬಲೆಯಡಿ ಬೆಳೆದದ್ದು. ‘ಪೂರ್ಣ ಬಿಸಿಲು’ ಎಂಬ ಚೀಟಿ ನಂಬಿ ಬಂದ ದಿನವೇ ಬಿಸಿಲಿಗಿಟ್ಟರೆ ಎಲೆ ಬಿಳಿಚಿ ಸುಡುತ್ತದೆ. ವಾರ ಹತ್ತು ದಿನ ಬೆಳಗಿನ ಬಿಸಿಲಿನಿಂದ ಶುರುಮಾಡಿ ಅಭ್ಯಾಸ ಮಾಡಿಸಬೇಕು. ಈ ಒಂದು ಸಾಲನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕಲು ಅವರಿಗೆ ಏನು ಕಷ್ಟ?

ಹೂ ಬಿಟ್ಟಿರುವ ಕುಂಡ ನೋಡಿ ಮರುಳಾಗುವವರಿಗೆ ಇನ್ನೊಂದು ಮಾತು. ಸೇವಂತಿಗೆಗೆ ಕಪ್ಪು ಪರದೆ ಮುಚ್ಚಿ ವರ್ಷದ ಯಾವ ತಿಂಗಳಲ್ಲಾದರೂ ಹೂ ಬಿಡಿಸುತ್ತಾರೆ. ಕುಂಡದ ಗಿಡ ಪುಟ್ಟದಾಗಿ, ದುಂಡಗೆ ಕಾಣಲಿ ಎಂದು ಬೆಳವಣಿಗೆ ತಡೆಯುವ ಔಷಧಿ ಹಾಕುವುದೂ ಉಂಟು. ಔಷಧಿಯ ಪ್ರಭಾವ ಇಳಿದ ಮೇಲೆ ಗಿಡ ತನ್ನ ನಿಜವಾದ ಎತ್ತರಕ್ಕೆ ಹೋಗುತ್ತದೆ. ನಮ್ಮ ಕಿಟಕಿಯ ಕೆಳಗೆ ಮೊಣಕಾಲೆತ್ತರ ಎಂದು ನಕ್ಷೆಯಲ್ಲಿದ್ದ ಇನ್ನೊಂದು ದಾಸವಾಳ ಈಗ ಕಿಟಕಿಯೊಳಗೆ ಇಣುಕುತ್ತಿದೆ. ಅತ್ತೆಗೆ ಮಂಚದಿಂದಲೇ ಹೂ ಕೈಗೆ ಸಿಗುತ್ತದೆ, ಅವರದೇನೂ ತಕರಾರಿಲ್ಲ.

ವಿಷದ ಗಿಡಗಳ ವಿಷಯದಲ್ಲಿ ಮಾತ್ರ ಮಾಫಿ ಇಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಫಾರಂನಲ್ಲಿ ಗುರುತು ಹಾಕಿದ್ದರೂ ಪಟ್ಟಿಯಲ್ಲಿ ಕಣಗಿಲೆ ಇತ್ತು, ಎಚ್ಚರಿಕೆಯ ಒಂದು ಪದವೂ ಇರಲಿಲ್ಲ. ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ವಿಷ. ಹೊಡೆದುಹಾಕಿಸಿ ಆ ಜಾಗಕ್ಕೆ ನಂದಿಬಟ್ಟಲು ಕೇಳಿದೆ. ಅದರ ಹಾಲನ್ನೂ ಬಾಯಿಗೆ ಹಾಕಬಾರದು ಎಂದು ಆ ವಿಡಿಯೊ ಕರೆಯ ಹುಡುಗಿಯೇ ಹೇಳಿ ಕೊನೆಗೆ ಕೇಪಳಕ್ಕೆ ಒಪ್ಪಿಸಿದಳು. ಪಟ್ಟಿ ಕಳಿಸುವ ಮುಂಚೆ ಅವಳಿಗೊಮ್ಮೆ ತೋರಿಸಿದ್ದರೆ ಚೆನ್ನಾಗಿತ್ತು.

ಯಾರು ತಗೊಳ್ಳಬಹುದು? ಅಂಗಳ ಇದೆ, ಎಲ್ಲಿಂದ ಶುರು ಮಾಡುವುದು ಗೊತ್ತಾಗುತ್ತಿಲ್ಲ ಅನ್ನುವವರು ನಕ್ಷೆ ಮತ್ತು ಆ ಒಂದು ಕರೆಗೆ ಮಾತ್ರ ಹಣ ಕೊಡಿ. ಗಿಡಗಳನ್ನು ನೀವೇ ಹೋಗಿ, ಕವರಿನ ತಳ ತಿರುವಿ ನೋಡಿ, ಹೂ ಬಿಟ್ಟದ್ದನ್ನು ಬಿಟ್ಟು ಹೊಸ ಚಿಗುರಿರುವುದನ್ನು ತನ್ನಿ. ನೆಡುವ ದಿನವೂ ನಿಮ್ಮ ಕೈಯಲ್ಲಿರಲಿ. ಸುಡು ಬೇಸಿಗೆಯ ನಡುವೆ ಪೆಟ್ಟಿಗೆ ಬಂದು ಬಾಗಿಲಲ್ಲಿ ಕೂತರೆ ಕಾಯುವ ಆಯ್ಕೆ ಇರುವುದಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ, ಅದರಲ್ಲಿ ಎರಡು ಆ ಹುಡುಗಿಗೆ. ಚಂದಾ ಮುಂದುವರಿಸುತ್ತೀರಾ ಎಂದು ಕಂಪನಿಯಿಂದ ಮೆಸೇಜ್ ಬಂದಿದೆ. ಕರೆಗೆ ಅವಳೇ ಸಿಗುತ್ತಾಳಾ ಎಂದು ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.