ಧೂಳು ತೆಗೆದ ಮರದ ಚಕ್ಕೆ: ಹಾಸಲು ಒಳ್ಳೆಯದು, ಜೊತೆಗಿರುವ ಪೊಟ್ಟಣ ಬೇಡ

ಕೋಳಿ ಗೂಡಿಗೆ ಹಾಸಲೆಂದು ಒತ್ತಿ ಕಟ್ಟಿದ ಮರದ ಚಕ್ಕೆಯ ಮೂಟೆಯನ್ನು ಎಂಟು ತಿಂಗಳಿಂದ ಬಳಸುತ್ತಿದ್ದೇನೆ. ಬಡಗಿ ಕೀಸುಳಿ ಹೊಡೆದಾಗ ಸುರುಳಿ ಸುರುಳಿಯಾಗಿ ಬೀಳುತ್ತದಲ್ಲ, ಅದೇ ಚಕ್ಕೆ. ಸಣ್ಣ ಪುಡಿಯನ್ನು ಜರಡಿ ಹಿಡಿದು ತೆಗೆದಿರುತ್ತಾರೆ. ನನ್ನ ಗೂಡಿನಲ್ಲಿರುವುದು ಒಂಬತ್ತು ಹೇಂಟೆ, ಒಂದು ಹುಂಜ. ಮೊದಲು ಒಣಹುಲ್ಲು ಹಾಸುತ್ತಿದ್ದೆ, ಆಮೇಲೆ ಗರಗಸದ ಹೊಟ್ಟು. ಹುಲ್ಲು ಮೇಲೆ ಒಣಗಿದಂತೆ ಕಂಡರೂ ಎತ್ತಿ ನೋಡಿದರೆ ಅಡಿಯಲ್ಲಿ ಚಾಪೆಯಂತೆ ಅಂಟಿಕೊಂಡು ಬೂಷ್ಟು ಹಿಡಿದಿರುತ್ತಿತ್ತು. ಹೊಟ್ಟು ತೇವವನ್ನೇನೋ ಹೀರುತ್ತಿತ್ತು, ಆದರೆ ಕೋಳಿಗಳು ಕೆದಕಿದಾಗಲೆಲ್ಲ ಧೂಳೆದ್ದು ಸೀನುತ್ತಿದ್ದವು. ಮರಿಗಳಂತೂ ಅದನ್ನೇ ಕಾಳೆಂದುಕೊಂಡು ಕುಕ್ಕುತ್ತಿದ್ದವು.

ಚಕ್ಕೆ ಹಾಕಿದ ಮೇಲೆ ಆ ಎರಡೂ ತೊಂದರೆ ಬಹುಮಟ್ಟಿಗೆ ಹೋದವು. ಸುರುಳಿಗಳ ನಡುವೆ ಗಾಳಿ ಆಡುವುದರಿಂದ ಒದ್ದೆಯಾದ ಜಾಗ ಬೇಗ ಒಣಗುತ್ತದೆ. ಹಿಕ್ಕೆ ಚಕ್ಕೆಗೆ ಅಂಟಿ ಒಣಗಿ ಉಂಡೆಯಾಗುತ್ತದೆ, ಕೋಳಿಗಳೇ ಕೆದಕಿ ಅದನ್ನು ಒಡೆದು ಬೆರೆಸುತ್ತವೆ. ನಾಲ್ಕು ಇಂಚು ದಪ್ಪ ಹಾಸಿ ಶುರುಮಾಡಿದೆ. ಮೇಲ್ಪದರ ಕೊಳೆಯಾದಂತೆಲ್ಲ ಹೊಸದನ್ನು ಉದುರಿಸುತ್ತ ಬಂದೆ, ಈಗ ಎಂಟು ಇಂಚು ದಾಟಿದೆ. ಡೀಪ್ ಲಿಟರ್ ಅನ್ನುವುದು ಇದಕ್ಕೇ. ವಾರಕ್ಕೆರಡು ಸಲ ಕವೆಗೋಲಿನಿಂದ ತಳದವರೆಗೆ ತಿರುವಿ ಹಾಕುತ್ತೇನೆ, ಮೂಲೆಗಳನ್ನು ಬಿಡುವುದಿಲ್ಲ. ಕೋಳಿಗಳು ಮೂಲೆ ಕೆದಕುವುದು ಕಡಿಮೆ, ಗಟ್ಟಿಯಾಗುವುದು ಅಲ್ಲೇ ಮೊದಲು.

ಮೂಟೆಯ ಮೇಲೆ ‘ಮೂರು ತಿಂಗಳು ವಾಸನೆ ಇಲ್ಲ’ ಎಂದು ಅಚ್ಚು ಹಾಕಿದ್ದಾರೆ. ಇದನ್ನು ನಂಬಬೇಡಿ. ಮೂರನೆಯ ವಾರಕ್ಕೇ ನನ್ನ ಗೂಡು ನಾರಿತು. ತಪ್ಪು ಚಕ್ಕೆಯದಲ್ಲ, ನೀರಿನ ಬಟ್ಟಲು ನೆಲದ ಮೇಲಿತ್ತು. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಮೂಗಿಗೆ ಹೊಡೆಯುವ ಅಮೋನಿಯಾ ಅನಿಲ ಹುಟ್ಟುತ್ತದೆ, ಆ ಕೆಲಸಕ್ಕೆ ಅವಕ್ಕೆ ತೇವ ಬೇಕು. ಒಣಗಿದ ಹಾಸಿನಲ್ಲಿ ಅವು ಮಂದ, ನೀರು ಚೆಲ್ಲಿದ ಕಡೆ ಚುರುಕು. ಬಟ್ಟಲನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ತೂಗುಹಾಕಿ, ಅದರ ಕೆಳಗೆ ಜಾಲರಿ ಹೊಡೆದ ಚೌಕಟ್ಟನ್ನು ಇಟ್ಟ ಮೇಲೆ ನಾತ ಅರ್ಧಕ್ಕಿಳಿಯಿತು.

ಉಳಿದರ್ಧವನ್ನು ಇಳಿಸಿದ್ದು ಒಂದು ಹಲಗೆ. ಕೋಳಿ ರಾತ್ರಿಯಿಡೀ ಕೂತಲ್ಲೇ ಹಿಕ್ಕೆ ಹಾಕುತ್ತದೆ. ಕೂರುವ ಕೋಲಿನ ಕೆಳಗೆ ಅಗಲದ ಹಲಗೆ ಇಟ್ಟು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕರಣೆಯಿಂದ ಕೆರೆದು ಬಕೆಟ್ಟಿಗೆ ಹಾಕಿದರೆ ದಿನದ ಹಿಕ್ಕೆಯಲ್ಲಿ ದೊಡ್ಡ ಪಾಲು ಹಾಸಿನ ಮೇಲೆ ಬೀಳುವುದೇ ಇಲ್ಲ. ಎರಡು ನಿಮಿಷದ ಕೆಲಸ. ಹಲಗೆ ಇಟ್ಟ ಮೇಲೆ ಒಂದು ಮೂಟೆ ಮೊದಲಿನದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ದಿನ ಬರುತ್ತಿದೆ.

ಈಗ ಆ ಪೊಟ್ಟಣದ ವಿಷಯ. ಪ್ರತಿ ಮೂಟೆಯ ಜೊತೆ ‘ವಾಸನೆ ನಿವಾರಕ’ ಎಂದು ಬಿಳಿ ಪುಡಿಯ ಪೊಟ್ಟಣ ಬರುತ್ತದೆ. ಒಳಗಿರುವುದು ಅರಳಿದ ಸುಣ್ಣ. ಮಳೆ ಹಿಡಿದಿದ್ದ ಒಂದು ಸಂಜೆ, ಹಾಸು ಸ್ವಲ್ಪ ಒದ್ದೆಯಾಗಿದ್ದಾಗ ಅದನ್ನು ಎರಚಿದೆ. ಬೆಳಿಗ್ಗೆ ಬಾಗಿಲು ತೆರೆದರೆ ಕಣ್ಣಿಗೆ ಈರುಳ್ಳಿ ಹಿಂಡಿದಂತಾಯಿತು. ಎರಡು ಹೇಂಟೆಗಳು ಕಣ್ಣು ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದವು, ರೆಪ್ಪೆಯಂಚಿನಲ್ಲಿ ನೊರೆ. ಸುಣ್ಣ ತೇವ ಹೀರುವುದು ನಿಜ. ಆದರೆ ಹಾಸಿನ ಕ್ಷಾರಗುಣವನ್ನೂ ಏರಿಸುತ್ತದೆ. ಕ್ಷಾರ ಏರಿದರೆ ಹಾಸಿನಲ್ಲಿ ಅಡಗಿರುವ ಅಮೋನಿಯಾ ಅನಿಲವಾಗಿ ಹೊರಗೆ ಬರುತ್ತದೆ. ವಾಸನೆಗೆ ಮದ್ದೆಂದು ಕೊಟ್ಟದ್ದು ವಾಸನೆಯನ್ನೇ ಎಬ್ಬಿಸಿತು. ಗಾಳಿಯಲ್ಲಿ ಅಮೋನಿಯಾ 25 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು, ಮೀರಬಾರದೆನ್ನುತ್ತಾರೆ. ಅದು ಹೆಚ್ಚಾದಂತೆ ಕೋಳಿಯ ಶ್ವಾಸನಾಳದ ಒಳಗಿನ ನವಿರು ರೋಮಗಳು ಹಾಳಾಗುತ್ತವೆ, ಆಮೇಲೆ ಸಣ್ಣ ಸೋಂಕೂ ಒಳಗೆ ಇಳಿಯುತ್ತದೆ. ತಯಾರಕರಿಗೆ ಬರೆದೆ, ಉತ್ತರ ಬರಲಿಲ್ಲ. ಈ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ, ಏಕೆಂದರೆ ಹೊಸದಾಗಿ ಕೋಳಿ ಸಾಕುವವರು ಪೊಟ್ಟಣದ ಮೇಲಿನ ಮಾತನ್ನು ನಂಬಿ ಎರಚುತ್ತಾರೆ. ಖಾಲಿ ಮಾಡಿ ತೊಳೆದ ಗೂಡಿನ ಗೋಡೆಗೆ ಸುಣ್ಣ ಬಳಿಯುವುದು ಬೇರೆ, ಕೋಳಿ ಮಲಗಿರುವ ಒದ್ದೆ ಹಾಸಿನ ಮೇಲೆ ಎರಚುವುದು ಬೇರೆ.

ವಾಸನೆ ನೋಡುವುದಾದರೆ ಮುಂಜಾನೆ, ಬಾಗಿಲು ತೆರೆದ ಮೊದಲ ಕ್ಷಣದಲ್ಲಿ, ಮಂಡಿಯೂರಿ ಕೋಳಿಯ ತಲೆಯ ಮಟ್ಟದಲ್ಲಿ ಉಸಿರೆಳೆದು ನೋಡಿ. ಸ್ವಲ್ಪ ಹೊತ್ತು ಒಳಗಿದ್ದರೆ ಮೂಗು ಒಗ್ಗಿಹೋಗುತ್ತದೆ. ತೇವಕ್ಕೆ ಮುಷ್ಟಿಯೇ ಅಳತೆ. ಒಂದು ಹಿಡಿ ಹಾಸನ್ನು ಹಿಂಡಿ ಬಿಡಿ. ಉಂಡೆ ಕಟ್ಟಿ ಹಾಗೇ ನಿಂತರೆ ಒದ್ದೆ ಹೆಚ್ಚು, ನಿಧಾನವಾಗಿ ಬಿಚ್ಚಿಕೊಂಡರೆ ಸರಿ, ಒಂದಿಷ್ಟೂ ಅಂಟದೆ ಧೂಳೆದ್ದರೆ ತೀರಾ ಒಣಗಿದೆ. ಒದ್ದೆ ತೇಪೆ ಕಂಡರೆ ಅವತ್ತೇ ಎತ್ತಿ ಹೊರಗೆ ಹಾಕುತ್ತೇನೆ. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರೋಪಜೀವಿ ಹಿಕ್ಕೆಯಲ್ಲಿ ಹೊರಬಿದ್ದು, ತೇವವೂ ಬಿಸಿಯೂ ಸಿಕ್ಕರೆ ಒಂದೆರಡು ದಿನದಲ್ಲೇ ಸೋಂಕು ಹರಡುವಷ್ಟು ಬಲಿಯುತ್ತದೆ. ಭಾನುವಾರ ನೋಡಿಕೊಳ್ಳೋಣ ಎಂದರೆ ತಡವಾಗುತ್ತದೆ.

ಇನ್ನೊಂದು ಕೊರತೆ. ಯಾವ ಮರದ ಚಕ್ಕೆಯೆಂದು ಮೂಟೆಯ ಮೇಲೆ ಬರೆದಿಲ್ಲ. ದೇವದಾರಿನಂಥ ಗಾಢ ಪರಿಮಳದ ಮರದ ಎಣ್ಣೆ ಮುಚ್ಚಿದ ಗೂಡಿನಲ್ಲಿ ಕೋಳಿಯ ಉಸಿರಾಟಕ್ಕೆ ಒಳ್ಳೆಯದಲ್ಲ, ಆದ್ದರಿಂದ ಹೆಸರು ಹಾಕಲೇಬೇಕು. ನಾನು ಪ್ರತಿ ಮೂಟೆ ಬಿಚ್ಚಿ ಮೂಸಿಯೇ ಹಾಸುತ್ತೇನೆ. ಒಂದು ಮೂಟೆಯ ಮೂಲೆ ನೆನೆದು ಬೂದು ಬೂಷ್ಟು ಬಂದಿತ್ತು. ಅದನ್ನು ಬಿಸಿಲಿಗೆ ಹಾಕಿ ಬಳಸುವ ಯೋಚನೆಯನ್ನೂ ಮಾಡಲಿಲ್ಲ. ಬೂಷ್ಟಿನ ಬೀಜಾಣು ಕೋಳಿಯ ಶ್ವಾಸಕೋಶದಲ್ಲಿ ಬೇರೂರುತ್ತದೆ, ಒಣಗಿಸಿದ ಮಾತ್ರಕ್ಕೆ ಸಾಯುವುದಿಲ್ಲ. ಇಡೀ ಮೂಟೆ ಗೊಬ್ಬರದ ಗುಂಡಿಗೆ ಹೋಯಿತು.

ಗೊಬ್ಬರದ ಮಟ್ಟಿಗೆ ಚಕ್ಕೆ ನಿಧಾನ. ಹುಲ್ಲಿನಷ್ಟು ಬೇಗ ಕೊಳೆಯುವುದಿಲ್ಲ. ಹಲಗೆಯಿಂದ ಕೆರೆದ ಹಿಕ್ಕೆಯನ್ನು ಹಳೆಯ ಚಕ್ಕೆಯ ಜೊತೆ ಪದರ ಪದರವಾಗಿ ಹಾಕಿ ನೀರು ಚಿಮುಕಿಸಿದರೆ ರಾಶಿ ಬಿಸಿಯೇರುತ್ತದೆ. ಹಾಸು ಎತ್ತುವಾಗ ಮಾಸ್ಕ್ ಕಟ್ಟಿಕೊಳ್ಳಿ, ಆ ಧೂಳು ನಮ್ಮ ಎದೆಗೂ ಒಳ್ಳೆಯದಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಆ ಪೊಟ್ಟಣಕ್ಕೆ. ನಿನ್ನೆ ಮತ್ತೆ ಎರಡು ಮೂಟೆ ತರಿಸಿದೆ.